ಫಿರೋಜನ ಸ್ವಾಗತ ಭಾಷಣ

ಹೋದ ತಿಂಗಳು ಒಂದು ದಿನದ ತರಬೇತಿಗೆಂದು ವಾಟರ್‌ಫರ್ಡಿಗೆ ಹೋಗಿದ್ದೆ. ಮುಗಿಸಿಕೊಂಡು ಡಬ್ಲಿನ್ ಅಂಚಿನ ಆಡಮ್ಸ್‌ಟೌನಿನ ಮನೆಗೆ ಹೊರಟಾಗ ಮಳೆ ಜೋರಾಗಿತ್ತು, ಹೆದ್ದಾರಿಯಲ್ಲಿ ರಿಪೇರಿ ನಡೆದಿತ್ತು, ಫೋನಿನಲ್ಲಿ ದಾರಿ ಹೇಳುವ ಹೆಂಗಸು ನನ್ನನ್ನು ಯಾವುದೋ ಹಳ್ಳಿ ರಸ್ತೆಗೆ ತಿರುಗಿಸಿದಳು. ಅವಳನ್ನು ಬೈದುಕೊಳ್ಳುತ್ತಾ ಹತ್ತು ನಿಮಿಷ ಓಡಿಸಿದ ಮೇಲೆ ಇದು ನನಗೆ ಗೊತ್ತಿರುವ ದಾರಿಯೇ ಅನ್ನಿಸಿತು. ಎಡಕ್ಕೆ ಚರ್ಚು, ಬಲಕ್ಕೆ ಹರ್ಲಿಂಗ್ ಎಂಬ ಇಲ್ಲಿಯ ಕೋಲು ಚೆಂಡಿನ ಆಟದ ಮೈದಾನ, ಅದರ ಪಕ್ಕದಲ್ಲಿ ಊರಿನ ಹಳೆಯ ಹಾಲ್. ಬಾಗಿಲು ತೆರೆದಿತ್ತು. ಕಾರು ನಿಲ್ಲಿಸಿ ಇಣುಕಿದೆ. ಒಳಗೆ ಯಾರೋ ಕುರ್ಚಿ ಜೋಡಿಸುತ್ತಿದ್ದರು. ಒದ್ದೆ ಕೋಟು, ಮೊಟ್ಟೆ ಸ್ಯಾಂಡ್‌ವಿಚ್, ನೆಲಕ್ಕೆ ಹಚ್ಚಿದ ಪಾಲಿಶ್, ಕುದಿದು ಕುದಿದು ಕಪ್ಪಾದ ಚಹಾ, ಎಲ್ಲ ಸೇರಿದ ಆ ಹಳೆಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರೇನೋ. ನನಗೆ ಕಣ್ಣಲ್ಲಿ ನೀರು ಬಂತು.

ಐರ್ಲೆಂಡಿನಲ್ಲಿ ಕನ್ನಡ ರಾಕ್ ಅಂಡ್ ರೋಲ್ ಹುಟ್ಟಿದ್ದು ಆ ವಾಸನೆಯ ನಡುವೆ. ಹುಟ್ಟಿಸಿದವನು ನನ್ನ ಗಂಡ ಫಿರೋಜ್. ಅದು ಹುಟ್ಟುವ ಮೊದಲೇ ಅದರ ಕತ್ತು ಹಿಸುಕಲು ಹೊರಟಿದ್ದವಳು ನಾನು.

ಫಿರೋಜ್ ಬೆಂಗಳೂರಿನ ಶಿವಾಜಿನಗರದವನು. ಗಿಟಾರ್ ಕಲಿತದ್ದು ರಿಚರ್ಡ್ಸ್ ಟೌನಿನ ಒಬ್ಬ ಆಂಗ್ಲೋ ಇಂಡಿಯನ್ ಮುದುಕರ ಹತ್ತಿರ. ಅವರಿಗೆ ಇಷ್ಟವಾಗುತ್ತಿದ್ದದ್ದು ರಾಕ್ ಅಂಡ್ ರೋಲ್ ಒಂದೇ, ಬರುತ್ತಿದ್ದದ್ದು ಗಿಟಾರಿನ ಮೂರೇ ಸ್ವರಗುಚ್ಛ. ಆ ಮೂರನ್ನು ಹಿಡಿದುಕೊಂಡು ಇವನು ಶ್ರೀರಾಂಪುರದ ಒಂದು ಆರ್ಕೆಸ್ಟ್ರಾ ಸೇರಿದ. ರಾಜ್ಯೋತ್ಸವ, ಗಣೇಶನ ಹಬ್ಬ, ಮದುವೆ, ಎಲ್ಲಿ ಶಾಮಿಯಾನ ಎದ್ದರೂ ಇವನು ಹಾಜರು. ಆರ್ಕೆಸ್ಟ್ರಾ ನಡೆಸುತ್ತಿದ್ದ ನಾಗರಾಜಣ್ಣ ಇವನಿಗೆ ಎರಡು ಪಾಠ ಹೇಳಿಕೊಟ್ಟಿದ್ದರು. ಹೆಸರು ಕೂಗಿದ ಮೇಲೇ ಹಾಡು, ಇದು ಮೊದಲನೆಯದು. ಕಾರ್ಪೊರೇಟರಿಂದ ಹಿಡಿದು ಶಾಮಿಯಾನ ಹಾಕಿದವನು, ಕರೆಂಟ್ ಎಳೆದುಕೊಟ್ಟ ಮನೆಯವರು, ಚಿತ್ರಾನ್ನ ಕಳಿಸಿದ ಆಂಟಿ, ಎಲ್ಲರನ್ನೂ ಹೆಸರು ಹಿಡಿದು ಸ್ವಾಗತಿಸಬೇಕು, ಮುಖ್ಯವಾದವರಿಗೆ ಶಾಲು ಹೊದಿಸಬೇಕು. ಒಂದು ಹೆಸರು ಬಿಟ್ಟುಹೋದರೆ ಮುಂದಿನ ವರ್ಷ ಆ ಬೀದಿಯಲ್ಲಿ ಕಾರ್ಯಕ್ರಮವಿಲ್ಲ. ಎರಡನೆಯದು, ಕರೆಂಟ್ ಹೋದರೆ ವೇದಿಕೆ ಬಿಟ್ಟು ಇಳಿಯಬಾರದು. ಬರುವ ತನಕ ಮಾತಾಡುತ್ತಲೇ ಇರಬೇಕು, ಇಲ್ಲದಿದ್ದರೆ ಜನ ಎದ್ದು ಹೋಗುತ್ತಾರೆ.

ನಮ್ಮ ಮೆಡಿಕಲ್ ಕಾಲೇಜಿನ ವಾರ್ಷಿಕೋತ್ಸವಕ್ಕೆ ಆ ಆರ್ಕೆಸ್ಟ್ರಾ ಬಂದಿತ್ತು. ಬಾಯಾರಿ ನಿಂತಿದ್ದ ಗಿಟಾರಿನವನಿಗೆ ನಾನೊಂದು ಲೋಟ ನೀರು ಕೊಟ್ಟೆ. ಐದು ನಿಮಿಷದಲ್ಲಿ ಮೈಕಿನಲ್ಲಿ ಕೇಳಿಸಿತು: "ನಮಗೆ ತಣ್ಣನೆ ನೀರು ಕೊಟ್ಟ ಹಸಿರು ದುಪಟ್ಟಾದ ಡಾಕ್ಟರ್ ಮೇಡಮ್ಮಿಗೆ ತುಂಬು ಹೃದಯದ ಸ್ವಾಗತ." ಎರಡನೇ ವರ್ಷದ ವಿದ್ಯಾರ್ಥಿನಿಯನ್ನು ಸಾವಿರ ಜನರ ಮುಂದೆ ಯಾರಾದರೂ ಡಾಕ್ಟರ್ ಅಂದರೆ ಏನಾಗಬೇಕೋ ಅದೇ ಆಯಿತು. ಇಬ್ಬರ ಮನೆಯಲ್ಲೂ ಉರ್ದು, ಆದರೆ ನಮ್ಮ ಪ್ರೀತಿ ಕನ್ನಡದ ಮೈಕಿನಲ್ಲಿ ಶುರುವಾದ್ದರಿಂದ ಮುಂದೆ ಜಗಳವೂ ಕನ್ನಡದಲ್ಲೇ ನಡೆಯಿತು.

ಮದುವೆಯಾಗಿ, ನನ್ನ ಕೆಲಸಕ್ಕಾಗಿ ಐರ್ಲೆಂಡಿಗೆ ಬಂದೆವು. ಇಲ್ಲಿ ನಾನು ಡಾಕ್ಟರ್, ಫಿರೋಜ್ ಡಾಕ್ಟರ ಗಂಡ. ಪಾರ್ಸೆಲ್ ಹಂಚಿದ, ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದ, ನನ್ನ ಡ್ಯೂಟಿಗೆ ಹೊಂದಿಸಿಕೊಂಡು ಮಗಳು ಆಯ್ರಾಳನ್ನು ಬೆಳೆಸಿದ. ಅವನು ಯಾವತ್ತೂ ಬೇಜಾರು ಹೇಳಿಕೊಳ್ಳಲಿಲ್ಲ. ಆದರೆ ಸೂಪರ್ ಮಾರ್ಕೆಟಿನಲ್ಲಿ ಬಿಲ್ ಹಾಕುವವಳ ಎದೆಯ ಮೇಲಿನ ಹೆಸರು ಓದಿ, ಅವಳಿಗೊಂದು ಪುಟ್ಟ ಭಾಷಣ ಮಾಡಿ ಬರುತ್ತಿದ್ದ. ನೋಡಿ ನನಗೆ ಸಂಕಟವಾಗುತ್ತಿತ್ತು. ವೇದಿಕೆಯ ಮೇಲಿದ್ದವನನ್ನು ಕೈಹಿಡಿದು ಕೆಳಗಿಳಿಸಿ ಕರೆತಂದವಳು ನಾನು, ಆ ಸಂಕಟವನ್ನು ನಾನು ಸಿಟ್ಟು ಮಾಡಿಕೊಂಡೇ ತೀರಿಸುತ್ತಿದ್ದೆ.

ಒಂದು ವರ್ಷ ಜುಲೈಯಲ್ಲಿ ನನ್ನನ್ನು ವಾಟರ್‌ಫರ್ಡಿನ ದೊಡ್ಡ ಆಸ್ಪತ್ರೆಗೆ ಹಾಕಿದರು. ಇಲ್ಲಿಯ ಡಾಕ್ಟರುಗಳ ಬದುಕು ಜುಲೈಯಿಂದ ಜುಲೈಗೆ, ವರ್ಷಕ್ಕೊಂದು ಆಸ್ಪತ್ರೆ. ಊರ ಅಂಚಿನಲ್ಲೊಂದು ಬಾಡಿಗೆ ಮನೆ ಸಿಕ್ಕಿತು. ಪೆಟ್ಟಿಗೆ ಬಿಚ್ಚುವ ಮೊದಲೇ ಫಿರೋಜ್ ಗಿಟಾರ್ ಬಿಚ್ಚಿದ.

"ಶಾಹೀನ್, ನಂಗೆ ಒಂದು ವರ್ಷ ಕೊಡು," ಅಂದ. "ರಾಕ್ ಅಂಡ್ ರೋಲ್. ನನ್ನದೇ ಹಾಡು, ಕನ್ನಡದಲ್ಲಿ. ಇಡೀ ಐರ್ಲೆಂಡಲ್ಲಿ ಯಾರೂ ಮಾಡಿಲ್ಲ."

"ಯಾರೂ ಮಾಡಿಲ್ಲ ಅಂದ್ರೆ ಯಾರಿಗೂ ಬೇಕಾಗಿಲ್ಲ ಅಂತಾನೂ ಇರಬೋದು."

"ಡಾಕ್ಟ್ರೇ, ನೀವೇ ಹಿಂಗಂದ್ರೆ ಹೆಂಗೆ."

ಏನಾದರೂ ಬೇಕಾದಾಗ ಮಾತ್ರ ಅವನು ನನಗೆ ಡಾಕ್ಟ್ರೇ ಅನ್ನುವುದು, ಬಹುವಚನ ಬಳಸುವುದು. ನಾನೂ ಕರಾರು ಹಾಕಿದೆ. ಆಡಮ್ಸ್‌ಟೌನಿನಲ್ಲಿ ನನ್ನ ದೊಡ್ಡಮ್ಮನ ಮಗ ಸಲೀಂ ಭಾಯ್ ದಿನಸಿ ಅಂಗಡಿ ಇಟ್ಟಿದ್ದರು, ಕೌಂಟರಿಗೆ ನಂಬಿಕಸ್ಥ ಜನ ಬೇಕೆಂದು ಎಂದಿನಿಂದಲೋ ಹೇಳುತ್ತಿದ್ದರು. ನನ್ನ ಕರಾರು ಇಷ್ಟೇ: ಮುಂದಿನ ಜುಲೈಯೊಳಗೆ ಯಾರಾದರೂ ಒಬ್ಬರು, ನಿನ್ನ ಹಾಡು ಒಮ್ಮೆ ಕೇಳಿದವರು, ತಾವಾಗಿ "ಇನ್ನೊಂದು ಸಲ ಬಾ" ಅನ್ನಬೇಕು. ಅನ್ನದಿದ್ದರೆ ಗಿಟಾರ್ ಅಟ್ಟಕ್ಕೆ, ನೀನು ಅಂಗಡಿಗೆ. ಫಿರೋಜ್ ನಕ್ಕು ಒಪ್ಪಿಕೊಂಡ. ಇಷ್ಟು ಸುಲಭದ ಕರಾರು ಯಾರಾದರೂ ಹಾಕುತ್ತಾರಾ ಎಂಬಂತಿತ್ತು ಅವನ ಮುಖ.

ಮೂರನೇ ದಿನ ಯಾರೋ ಬಾಗಿಲು ಬಡಿದರು. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಅಲ್ಲಿ ಪ್ಯಾಟ್ ಅಂತ ಎಪ್ಪತ್ತೈದು ದಾಟಿದ ಮುದುಕರಿದ್ದರು, ಜೀವಮಾನವೆಲ್ಲ ಬಸ್ ಓಡಿಸಿ ನಿವೃತ್ತರಾದವರು. ಗದ್ದಲದ ಬಗ್ಗೆ ದೂರು ಬಂತು ಅಂದುಕೊಂಡು ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು. "ನಿನ್ನ ಗಂಡ ತಾಳ ಓಡಿಸ್ತಾನೆ, ಹುಡುಗೀ. ಹಿಡಿದು ನಿಲ್ಲಿಸೋರು ಯಾರಾದ್ರೂ ಬೇಕು."

ಪ್ಯಾಟ್ ಪ್ರಾಯದಲ್ಲಿ ಶೋಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸಿದವರು. ಹಾಗೆಂದರೆ ಏನೆಂದು ಕೇಳಿದೆ. ಆ ಕಾಲದಲ್ಲಿ ಒಂದೇ ಬಣ್ಣದ ಕೋಟು ತೊಟ್ಟುಕೊಂಡು, ವ್ಯಾನಿನಲ್ಲಿ ತುಂಬಿಕೊಂಡು, ಊರೂರು ತಿರುಗಿ, ಜನ ಕೇಳಿದ ಹಾಡು ಬಾರಿಸಿ ಕುಣಿಸುತ್ತಿದ್ದ ತಂಡಗಳಂತೆ. ಫಿರೋಜ್ ಎದ್ದು ಹೋಗಿ ಅವರ ಕೈ ಕುಲುಕಿದ. "ಇದು ನಮ್ಮ ಆರ್ಕೆಸ್ಟ್ರಾನೇ ಕಣೇ," ಅಂದ ನನಗೆ. "ನಂದು ಶ್ರೀರಾಂಪುರ, ಇವರದ್ದು ವಾಟರ್‌ಫರ್ಡ್, ಅಷ್ಟೇ." ಮರುದಿನದಿಂದ ನಮ್ಮ ಹಜಾರದಲ್ಲಿ ಡ್ರಮ್ಸ್ ಕೂತಿತು, ಸೋಫಾ ಅಡುಗೆಮನೆಗೆ ಹೋಯಿತು. ನಾನು ಡ್ಯೂಟಿ ಮುಗಿಸಿ ಬಂದು ಸೋಫಾದ ಮೇಲೆ ಕೂತೇ ಒಗ್ಗರಣೆ ಹಾಕುವುದನ್ನು ಕಲಿತೆ.

ಸೆಪ್ಟೆಂಬರಿನ ಹೊತ್ತಿಗೆ ಮೊದಲ ಹಾಡು ತಯಾರಾಯಿತು. ನಮ್ಮ ಬೀದಿಯ ತುದಿಯಲ್ಲೊಂದು ಬಸ್ ಸ್ಟಾಪ್ ಇತ್ತು. ಅಲ್ಲಿಯ ಬೋರ್ಡು ಎರಡು ನಿಮಿಷದಲ್ಲಿ ಬಸ್ ಬರುತ್ತದೆ ಅನ್ನುತ್ತಿತ್ತು, ಹತ್ತು ನಿಮಿಷ ಎರಡೇ ನಿಮಿಷ ಅನ್ನುತ್ತಿತ್ತು, ಆಮೇಲೆ ಬೋರ್ಡಿನಿಂದ ಬಸ್ಸೇ ಮಾಯವಾಗುತ್ತಿತ್ತು. ಅದೇ ಹಾಡಾಯಿತು.

"ಬೋರ್ಡು ಹೇಳ್ತು ಎರಡು ನಿಮಿಷ, ನಂಬಿ ನಿಂತೆ ನಾನು,
ಛತ್ರಿ ಹಾರಿ ಸಮುದ್ರ ಸೇರ್ತು, ನೆನೆದುಹೋದೆ ನಾನು,
ಬರ್ಲಿಲ್ಲ, ಬರ್ಲಿಲ್ಲ, ಬಸ್ಸೇ ಬರ್ಲಿಲ್ಲ."

ಪ್ಯಾಟಿಗೆ ಅರ್ಥ ಹೇಳಿದೆವು. "ನನ್ನ ಕಾಲದಲ್ಲಿ ಬರ್ತಿತ್ತು," ಅಂದರು. ಆದರೂ ಬಾರಿಸಿದರು.

ಊರಿನ ಒಂದು ಪಬ್ಬಿನಲ್ಲಿ ಮಂಗಳವಾರ ಸಂಜೆ ಯಾರು ಬೇಕಾದರೂ ಹಾಡಬಹುದಿತ್ತು, ತಲಾ ಹತ್ತು ನಿಮಿಷ. ಫಿರೋಜ್ ಕುಡಿಯುವವನಲ್ಲ, ಚಹಾ ಕೇಳಿದ. ಅವರು ಬಿಸ್ಕತ್ತಿನ ಜೊತೆ ಕೊಟ್ಟರು, ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಮೈಕ್ ಹಿಡಿದ. ಜೇಬಿನಿಂದ ಚೀಟಿ ತೆಗೆದ. ಪಬ್ಬಿನ ಯಜಮಾನರಿಗೆ ಸ್ವಾಗತ ಕೋರಿದ, ಅವರ ತಾಯಿಗೆ ಕೋರಿದ, ಚಹಾ ಮಾಡಿದವಳಿಗೆ, ಮೈಕ್ ಹೊಂದಿಸಿದವನಿಗೆ, ಮೂಲೆಯಲ್ಲಿ ನಾಯಿ ಹಿಡಿದು ಕೂತಿದ್ದವರಿಗೆ, ನಾಯಿಗೆ. ಒಂಬತ್ತನೇ ನಿಮಿಷಕ್ಕೆ ಗಿಟಾರ್ ಮುಟ್ಟಿದ. ಹಾಡು ಬಸ್ ಸ್ಟಾಪಿಗೆ ತಲುಪುವಷ್ಟರಲ್ಲಿ ಮೈಕ್ ಆಫ್ ಆಯಿತು. ಯಜಮಾನರು ಬೆನ್ನು ತಟ್ಟಿ "ಗ್ರ್ಯಾಂಡ್, ಗ್ರ್ಯಾಂಡ್" ಅಂದರು. ಗ್ರ್ಯಾಂಡ್ ಅಂದರು ಎಂದು ಫಿರೋಜ್ ಇಡೀ ದಾರಿ ಖುಷಿಯಾಗಿದ್ದ. ಐರಿಷರು ಕಾಲು ಮುರಿದುಕೊಂಡಾಗಲೂ ಗ್ರ್ಯಾಂಡ್ ಅನ್ನುತ್ತಾರೆ ಎಂದು ನಾನು ದಿನವೂ ಆಸ್ಪತ್ರೆಯಲ್ಲಿ ನೋಡುತ್ತಿದ್ದೆ. ಹೇಳಲು ಮನಸ್ಸಾಗಲಿಲ್ಲ. ಇನ್ನೊಂದು ಸಲ ಬಾ ಅಂತ ಯಾರೂ ಅನ್ನಲಿಲ್ಲ.

ನವೆಂಬರಿನಲ್ಲಿ ಡಬ್ಲಿನ್ ಕಡೆಯ ಕನ್ನಡಿಗರು ಒಂದು ಶಾಲೆಯ ಸಭಾಂಗಣದಲ್ಲಿ ರಾಜ್ಯೋತ್ಸವ ಇಟ್ಟುಕೊಂಡರು. ಸಲೀಂ ಭಾಯ್ ಹೇಳಿ ಇವನ ಹೆಸರು ಸೇರಿಸಿದರು. ಇದು ಫಿರೋಜನ ತವರು, ಇಲ್ಲಿ ಸ್ವಾಗತಕ್ಕೆ ಬೆಲೆಯಿದೆ ಎಂದು ನನಗೂ ಧೈರ್ಯವಿತ್ತು. ಬೆಲೆ ಎಷ್ಟಿತ್ತೆಂದರೆ ವೇದಿಕೆಯ ಮೇಲಿನ ಒಂಬತ್ತು ಜನ ಗಣ್ಯರು ಒಬ್ಬರನ್ನೊಬ್ಬರು ಸ್ವಾಗತಿಸುವುದರಲ್ಲೇ ಮಧ್ಯಾಹ್ನ ಕಳೆಯಿತು. ಕೊನೆಗೆ ಫಿರೋಜನನ್ನು ಕರೆದು "ಐದೇ ನಿಮಿಷ ಸರ್, ಊಟ ತಣ್ಣಗಾಗ್ತಾ ಇದೆ" ಅಂದರು. ಫಿರೋಜ್ ಆ ಐದು ನಿಮಿಷದಲ್ಲಿ ಒಂಬತ್ತು ಜನರಿಗೆ ಮತ್ತೊಮ್ಮೆ ಸ್ವಾಗತ ಕೋರಿ, ಅಡುಗೆಯವರ ಹೆಸರು ತೆಗೆದುಕೊಂಡ. ಅಡುಗೆಯ ಹೆಸರು ಕೇಳಿದ್ದೇ ತಡ, ಸಭಾಂಗಣ ಬಿಸಿಬೇಳೆಬಾತಿನ ಕಡೆಗೆ ಖಾಲಿಯಾಯಿತು. ಮುಂದಿನ ಸಾಲಿನಲ್ಲಿ ಉಳಿದದ್ದು ಆಯ್ರಾ ಒಬ್ಬಳೇ, ಆಗ ಅವಳಿಗೆ ಆರು ವರ್ಷ. ನಮ್ಮ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ ಬರುತ್ತದೆ. "ಆರ್ ಯೂ ಡನ್, ಅಬ್ಬು?" ಅಂದಳು.

ಮಾರ್ಚಿನಲ್ಲಿ ಅವನು ಡಬ್ಲಿನ್ ಬಳಿಯ ಡನ್ ಲಿಯರಿಗೆ ಹೋದ. ಅಲ್ಲಿ ಸಮುದ್ರದೊಳಗೆ ಚಾಚಿರುವ ಉದ್ದನೆಯ ಕಟ್ಟೆಯ ಮೇಲೆ ಭಾನುವಾರ ಊರೆಲ್ಲ ನಡೆಯಲು ಬರುತ್ತದೆ, ಅಲ್ಲಿ ಹಾಡಿದರೆ ಮೈಕ್ ಆಫ್ ಮಾಡುವವರಿಲ್ಲ ಎಂಬುದು ಅವನ ಲೆಕ್ಕ. ಪ್ಯಾಟ್ ಮಂಡಿ ನೋವೆಂದು ಬೆಂಚಿನ ಮೇಲೆ ಕೂತು ಬಿಸ್ಕತ್ತಿನ ಡಬ್ಬ ಬಾರಿಸಿದರು. ಅಲ್ಲಿ ಗಣ್ಯರು ಯಾರೂ ಇಲ್ಲವಲ್ಲ, ಹಾಗಾಗಿ ಫಿರೋಜ್ ದಾರಿಹೋಕರಿಗೆ ಅಡ್ಡ ಹೋಗಿ ಹೆಸರು ಕೇಳಿ ಚೀಟಿಯಲ್ಲಿ ಬರೆದುಕೊಳ್ಳತೊಡಗಿದ. ಚೀಟಿ, ಪೆನ್ನು, ನಗುಮುಖ, ಇಷ್ಟು ನೋಡಿದ ಜನ ಇವನು ಯಾವುದೋ ಸಂಸ್ಥೆಗೆ ಚಂದಾ ಕೇಳುವವನೆಂದು ತಿಳಿದು ಕಟ್ಟೆಯ ಆ ಕಡೆಯ ಅಂಚು ಹಿಡಿದು ನಡೆದರು. ಒಬ್ಬ ಮುದುಕಿ ಮಾತ್ರ ನಿಂತು, ತಾನು ಆಗಲೇ ಆಮೆಗಳ ರಕ್ಷಣೆಗೆ ಚಂದಾ ಕೊಡುತ್ತಿದ್ದೇನೆ ಎಂದು ವಿವರವಾಗಿ ಹೇಳಿ ಹೋದಳು. ಆಮೇಲೆ ಗಾಳಿ ಎದ್ದು ಚೀಟಿಯನ್ನೂ ಎತ್ತಿಕೊಂಡು ಹೋಯಿತು.

ಆ ದಿನ ಮನೆಗೆ ಬಂದವನ ಮುಖದಲ್ಲಿ ಮೊದಲ ಸಲ ನಗುವಿರಲಿಲ್ಲ. ಗಿಟಾರನ್ನು ಸೋಫಾದ ಹಿಂದೆ ಇಟ್ಟು ಆಯ್ರಾಳ ಹೋಂವರ್ಕ್ ನೋಡಲು ಕೂತ. ನನಗೆ ಅಳು ಬಂತು, ಅಭ್ಯಾಸಬಲದಿಂದ ಸಿಟ್ಟು ಮಾಡಿದೆ.

"ನಿನ್ನ ಹಾಡು ಯಾರಿಗೂ ಬೇಡ ಅಂತ ಯಾರೂ ಅಂದಿಲ್ಲ ಫಿರೋಜ್. ಅದನ್ನ ಕೇಳಿದೋರೇ ಇಲ್ಲ. ನೀನು ಹಾಡೋದೇ ಇಲ್ವಲ್ಲ. ಹೆಸರು, ಹೆಸರು, ಹೆಸರು. ಇದು ಶ್ರೀರಾಂಪುರ ಅಲ್ಲ. ಆ ಸ್ವಾಗತ ಬಿಟ್ಟುಬಿಡು, ನೇರ ಹಾಡು."

"ಹೆಸರು ಹೇಳ್ದೆ ಹಾಡಿದ್ರೆ ಕಳ್ಳನ ಥರ ಮನೆಗೆ ನುಗ್ಗಿದಂಗಾಗ್ತದೆ."

"ಹಾಗಾದ್ರೆ ಸಲೀಂ ಭಾಯ್ ಅಂಗಡಿಲಿ ಬಂದೋರಿಗೆಲ್ಲ ಸ್ವಾಗತ ಕೋರ್ತಾ ಇರು."

ಮಾತು ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಆಯ್ರಾಳ ಪೆನ್ಸಿಲ್ ಚೂಪು ಮಾಡುತ್ತಾ "ಆಯ್ತು ಬಿಡು" ಅಂದ. ಅಷ್ಟೇ.

ಕೊನೆಯ ಅವಕಾಶ ಪ್ಯಾಟ್ ತಂದದ್ದು. ವಾಟರ್‌ಫರ್ಡಿನಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿದ್ದ ಅವರ ಹುಟ್ಟೂರಿನ ಹಾಲ್ ಸೋರುತ್ತಿತ್ತು. ಛಾವಣಿ ಸರಿಮಾಡಿಸಲು ಜೂನ್ ಕೊನೆಯ ಭಾನುವಾರ ಮಧ್ಯಾಹ್ನ ಚಹಾ, ಸ್ಯಾಂಡ್‌ವಿಚ್, ಹಾಡು ಅಂತ ಇಟ್ಟುಕೊಂಡಿದ್ದರು. ಹಾಲ್ ಸಮಿತಿಯ ಅಧ್ಯಕ್ಷೆ ಬ್ರೀಡಾ, ನಿವೃತ್ತ ಟೀಚರ್, ನಕ್ಕದ್ದನ್ನು ಊರಲ್ಲಿ ನೋಡಿದವರಿಲ್ಲವಂತೆ. ಪ್ಯಾಟ್ ಅವರ ಕೈಕಾಲು ಹಿಡಿದು ಒಪ್ಪಿಸಿದ್ದರು. ಹಾಗೆ ಹಿಡಿಸಿಕೊಂಡು ಒಪ್ಪಿದ್ದು ನಮ್ಮ ಕರಾರಿಗೆ ಲೆಕ್ಕವಿಲ್ಲ, ಕೇಳಿದ ಮೇಲೆ ಮತ್ತೆ ಕರೆಯಬೇಕು. ಅದಾಗಿ ಎರಡು ವಾರಕ್ಕೆ ನನ್ನ ಪೋಸ್ಟಿಂಗ್ ಮುಗಿಯುತ್ತಿತ್ತು, ಮುಂದಿನದು ಡಬ್ಲಿನ್ನಿನಲ್ಲಾದ್ದರಿಂದ ನಾವು ಆಡಮ್ಸ್‌ಟೌನಿಗೆ ಹೊರಡಬೇಕಿತ್ತು. ಕಾರ್ಯಕ್ರಮದ ಹಿಂದಿನ ದಿನ ನಾನು ಸಲೀಂ ಭಾಯ್‌ಗೆ ಫೋನ್ ಮಾಡಿ, ಜುಲೈ ಮಧ್ಯದಿಂದ ಫಿರೋಜ್ ಕೆಲಸಕ್ಕೆ ಬರುತ್ತಾನೆ ಎಂದು ಹೇಳಿಯೂ ಬಿಟ್ಟಿದ್ದೆ. ಅವನಿಗೆ ಹೇಳಿರಲಿಲ್ಲ.

ಅವನೂ ಒಂದು ವಿಷಯ ನನಗೆ ಹೇಳಿರಲಿಲ್ಲ. ಆ ವಾರವೆಲ್ಲ ಪ್ಯಾಟ್ ಜೊತೆ ಆ ಊರಿಗೆ ಹೋಗಿ ಮನೆಮನೆಯ ಬಾಗಿಲಲ್ಲಿ ಚಹಾ ಕುಡಿದು ಬಂದಿದ್ದ. ನನ್ನ ಕಪಾಟಿನಿಂದ ಒಂದೊಂದೇ ದುಪಟ್ಟಾ ಕಾಣೆಯಾಗುತ್ತಿತ್ತು, ನಾನು ವಾಷಿಂಗ್ ಮಶೀನನ್ನು ಬೈಯುತ್ತಿದ್ದೆ.

ಆ ಭಾನುವಾರ ಮಳೆ ಸುರಿಯಿತು. ಹಾಲ್‌ನ ನಡುವೆ ನಾಲ್ಕು ಬಕೆಟ್ ಇಟ್ಟು, ಅವುಗಳ ಸುತ್ತ ಕುರ್ಚಿ ಹಾಕಿದ್ದರು. ನೂರಕ್ಕೆ ಹತ್ತಿರ ಜನ, ಹೆಚ್ಚಿನವರು ರೈತರು, ಮುದುಕರು, ಒದ್ದೆ ಕೋಟು ಬಿಚ್ಚದೆ ಕೈಕಟ್ಟಿ ಕೂತಿದ್ದರು. ಫಿರೋಜ್ ವೇದಿಕೆ ಹತ್ತುವ ಮೊದಲು ನಾನು ಅವನ ಜೇಬಿನ ಕಡೆ ನೋಡಿದೆ. ಅಲ್ಲಿ ಚೀಟಿ ಉಬ್ಬಿಕೊಂಡಿತ್ತು.

"ನೇರ ಹಾಡ್ತೀನಿ ಕಣೇ," ಅಂದ. "ಇದು ಸುಮ್ನೆ, ಜೇಬಲ್ಲಿ ಇರ್ಲಿ ಅಂತ."

ಮಾತಿಗೆ ತಪ್ಪಲಿಲ್ಲ. ಮೇಲೆ ಹೋಗಿ, ಒಂದು ನಮಸ್ಕಾರವನ್ನೂ ಹೇಳದೆ, ಹಾಡು ಶುರುಮಾಡಿದ. ಇಡೀ ವರ್ಷದಲ್ಲಿ ನಾನು ಅವನ ಹಾಡನ್ನು ಜನರ ಮುಂದೆ ಪೂರ್ತಿ ಕೇಳಿದ್ದು ಅದೇ ಮೊದಲು. ಚೆನ್ನಾಗಿಯೇ ಇತ್ತು. ಆದರೆ ಮುಗಿದಾಗ ಬಕೆಟಿಗೆ ನೀರು ಬೀಳುವ ಸದ್ದು ಕೇಳಿಸಿತು. ಎರಡು ಕೈ ಚಪ್ಪಾಳೆ ತಟ್ಟಿದವು, ಅವು ನನ್ನವೇ. ಎರಡನೇ ಹಾಡಿಗೆ ಒಬ್ಬರು ಟೋಪಿ ಹಾಕಿಕೊಂಡರು, ಮೂರನೆಯದಕ್ಕೆ ಬ್ರೀಡಾ ಗಡಿಯಾರ ನೋಡಿದರು. ಫಿರೋಜನ ದನಿ ತಗ್ಗುತ್ತಾ ಹೋಯಿತು. ನಿಜವಾಗಿಯೂ ಕಳ್ಳನ ಥರ ಕಾಣುತ್ತಿದ್ದ. ನಾನು ಹೇಳಿಕೊಟ್ಟ ಹಾಗೇ ಹಾಡಿ ಅವನು ಸೋಲುತ್ತಿದ್ದ, ನಾನು ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದೆ. ಅಷ್ಟು ನಾಚಿಕೆ ನನಗೆ ಯಾವ ಪರೀಕ್ಷೆ ಫೇಲಾದಾಗಲೂ ಆಗಿರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಯಾರೋ ಚಹಾ ಕಾಯಿಸುವ ದೊಡ್ಡ ಬಾಯ್ಲರಿನ ಸ್ವಿಚ್ ಒತ್ತಿದರು. ಫಿರೋಜನ ಆಂಪ್ಲಿಫೈಯರಿಗೂ ಆ ಬಾಯ್ಲರಿಗೂ ಒಂದೇ ಲೈನು. ಟಪ್ ಅಂತ ಎಲ್ಲ ಆರಿತು. ಕಿಟಕಿಗಳಿಂದ ಬೂದು ಬೆಳಕು, ಬಕೆಟುಗಳ ಸದ್ದು. ಟೋಪಿ ಹಾಕಿಕೊಂಡಿದ್ದವರು ಎದ್ದರು. ಅವರ ಹಿಂದೆ ಇನ್ನೂ ನಾಲ್ಕು ಜನ ಎದ್ದರು.

ಕರೆಂಟ್ ಹೋದರೆ ವೇದಿಕೆ ಬಿಡಬಾರದು. ನಾಗರಾಜಣ್ಣನ ಎರಡನೇ ಪಾಠ. ಫಿರೋಜ್ ನನ್ನ ಕಡೆ ನೋಡಲೂ ಇಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು, ಚೀಟಿ ಹೊರಬಂತು. ಮೈಕಿಲ್ಲದೆ, ಶ್ರೀರಾಂಪುರದ ಬೀದಿ ಕೊನೆಗೆ ಕೇಳಿಸುವ ದನಿಯಲ್ಲಿ ಶುರುಮಾಡಿದ. ಇಂಗ್ಲಿಷಿನಲ್ಲೇ, ಆದರೆ ಅಪ್ಪಟ ನಮ್ಮ ಧಾಟಿಯಲ್ಲಿ.

"ಎದ್ದು ನಿಂತಿರೋ ಶ್ರೀ ಮೈಕಲ್ ಅವರಿಗೆ ಸ್ವಾಗತ. ಈ ಹಾಲ್ ಮುಂದಿನ ಹುಲ್ಲನ್ನ ಇಪ್ಪತ್ತೆರಡು ವರ್ಷದಿಂದ ಯಾರೂ ಹೇಳದೆ ಕತ್ತರಿಸ್ತಾ ಇರೋರು ಇವರು. ದಯಮಾಡಿ ವೇದಿಕೆಗೆ ಬರಬೇಕು."

ಟೋಪಿಯವರು ಬಾಗಿಲ ಹತ್ತಿರ ನಿಂತುಬಿಟ್ಟರು. ಕಿವಿ ಕೆಂಪಾಯಿತು. ಯಾರೋ ಹಿಂದಿನಿಂದ "ಹೋಗೋ ಮೈಕಲ್" ಅಂದು ದಬ್ಬಿದರು. ಅವರು ವೇದಿಕೆಗೆ ಹೋದರು. ಫಿರೋಜ್ ಗಿಟಾರಿನ ಪೆಟ್ಟಿಗೆ ತೆಗೆದು, ನನ್ನ ಈದ್ ಹಬ್ಬದ ಕೆಂಪು ದುಪಟ್ಟಾ ಕೊಡವಿ ಅವರ ಒದ್ದೆ ಕೋಟಿನ ಮೇಲೆ ಹೊದಿಸಿದ, ಎರಡೂ ಕೈ ಜೋಡಿಸಿದ. ಮೈಕಲ್ ಏನು ಮಾಡುವುದೆಂದು ತಿಳಿಯದೆ ತಾವೂ ಕೈ ಜೋಡಿಸಿದರು.

ಹೊರಟಿದ್ದವರು ಕೂತರು. ಈಗ ಒಬ್ಬರೂ ಎದ್ದು ಹೋಗುವ ಹಾಗಿರಲಿಲ್ಲ, ಮುಂದಿನ ಹೆಸರು ಯಾರದ್ದು ಎಂಬ ಕುತೂಹಲ. ಮೊಟ್ಟೆ ಸ್ಯಾಂಡ್‌ವಿಚ್ ಮಾಡಿದ ಅಕ್ಕತಂಗಿಯರು, ಎರಡು ತಲೆಮಾರಿಗೆ ಹರ್ಲಿಂಗ್ ಕಲಿಸಿದವರು, ಊರಿನ ಸಾವಿನ ಮನೆಗಳಿಗೆಲ್ಲ ಕುರ್ಚಿ ಸಾಗಿಸುವವರು, ಇದೀಗ ಬಾಯ್ಲರ್ ಹಾಕಿ ಕರೆಂಟ್ ತೆಗೆದ ನೋರಾ, ಅವರಿಗೆ ವಿಶೇಷ ಸ್ವಾಗತ. ನನ್ನ ನೀಲಿ ದುಪಟ್ಟಾ, ಜರಿಯದ್ದು, ಅಮ್ಮ ಕಳಿಸಿದ ಕಸೂತಿಯದ್ದು, ಒಂದೊಂದಾಗಿ ಐರಿಷ್ ಹೆಗಲೇರಿದವು. ಬ್ರೀಡಾ ಅವರ ಸರದಿ ಬಂದಾಗ ಪೆಟ್ಟಿಗೆಯಿಂದ ಹಸಿರು ದುಪಟ್ಟಾ ಹೊರಬಂತು, ಮೆಡಿಕಲ್ ಕಾಲೇಜಿನದು. ನಾನು ಅರ್ಧ ಎದ್ದು ಮತ್ತೆ ಕೂತೆ. ಮಳೆ ಬಂದ ರಾತ್ರಿಗಳಲ್ಲೆಲ್ಲ ಒಬ್ಬರೇ ಬಂದು ಈ ಬಕೆಟುಗಳನ್ನು ಖಾಲಿ ಮಾಡಿ ಹೋಗುತ್ತಿದ್ದದ್ದು ಬ್ರೀಡಾ, ಅದು ಪ್ಯಾಟಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಫಿರೋಜ್ ಅದನ್ನು ಜೋರಾಗಿ ಹೇಳಿದ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಬ್ರೀಡಾ ದುಪಟ್ಟಾದ ಅಂಚಿನಲ್ಲಿ ಮೂಗು ಒರೆಸಿಕೊಂಡರು. ನನ್ನ ದುಪಟ್ಟಾದಲ್ಲಿ ಅಷ್ಟು ಗೌರವವಾಗಿ ಯಾರೂ ಮೂಗು ಒರೆಸಿರಲಿಲ್ಲ.

ಕೊನೆಗೆ ಪ್ಯಾಟ್. "ಮೂವತ್ತೈದು ವರ್ಷ ಈ ಊರಿಗೆ ಬಸ್ ತಂದೋರು," ಅಂದ ಫಿರೋಜ್, "ನನ್ನ ಹಾಡಲ್ಲಿ ಬಸ್ಸೇ ಬರಲ್ಲ, ಇವರ ಬಸ್ ಮಾತ್ರ ಬಂತಂತೆ." ಹಾಲ್ ತುಂಬ ನಗು. ಹಿಂದಿನಿಂದ ಒಬ್ಬ ಹೆಂಗಸು ಕೂಗಿದಳು, "ಬಂತು, ಆದ್ರೆ ಲೇಟು." ಹಾಡು ಯಾವುದರ ಬಗ್ಗೆ ಎಂದು ಜನಕ್ಕೆ ತಿಳಿದದ್ದೇ ಆಗ. ಆ ಊರಿನಲ್ಲಿ ಬಾರದ ಬಸ್ಸಿಗೆ ಕಾಯದವರು ಯಾರಿದ್ದರು.

ಅಷ್ಟರಲ್ಲಿ ನೋರಾ ಬಾಯ್ಲರಿನ ಪ್ಲಗ್ ಕಿತ್ತು ಫ್ಯೂಸ್ ಸರಿಮಾಡಿದರು, ಕರೆಂಟ್ ಬಂತು. ಫಿರೋಜ್ ಗಿಟಾರ್ ಎತ್ತಿಕೊಳ್ಳಬಹುದಿತ್ತು, ಎತ್ತಿಕೊಳ್ಳಲಿಲ್ಲ. ಚೀಟಿಯನ್ನು ಇನ್ನೊಮ್ಮೆ ನೋಡಿದ.

"ಇನ್ನೊಂದು ಹೆಸರಿದೆ," ಅಂದ, ಈಗ ಕನ್ನಡದಲ್ಲಿ. "ಡಾಕ್ಟರ್ ಶಾಹೀನ್. ನಮ್ಮ ಈ ಕಾರ್ಯಕ್ರಮದ ಪ್ರಾಯೋಜಕರು. ಇವರು ಡ್ಯೂಟಿ ಮಾಡ್ತಾರೆ, ನಾನು ಹಾಡ್ತೀನಿ. ಹದಿನಾಲ್ಕು ವರ್ಷದ ಹಿಂದೆ ಒಂದು ಲೋಟ ನೀರು ಕೊಟ್ಟಿದ್ರು, ಇನ್ನೂ ಕೊಡ್ತಾನೇ ಇದ್ದಾರೆ. ಡಾಕ್ಟ್ರೇ, ಬರಬೇಕು."

ಆಯ್ರಾ ನನ್ನ ಬೆನ್ನಿಗೆ ಕೈ ಹಾಕಿ ದಬ್ಬಿದಳು, "ಗೋ ಆನ್, ಅಮ್ಮಿ." ಮೇಲೆ ಹೋದೆ. ಪೆಟ್ಟಿಗೆಯಲ್ಲಿ ದುಪಟ್ಟಾ ಮುಗಿದಿತ್ತು. ಅವನು ಆಚೀಚೆ ನೋಡಿದ. ನೋರಾ ತಮ್ಮ ಹೆಗಲ ಮೇಲಿದ್ದ ಪಾತ್ರೆ ಒರೆಸುವ ಟವೆಲನ್ನು ತೆಗೆದುಕೊಟ್ಟರು. ಅದನ್ನೇ ಕೊಡವಿ, ಎರಡೂ ಕೈಯಲ್ಲಿ ಹಿಡಿದು, ಗಣ್ಯರಿಗೆ ಹೊದಿಸುವ ಹಾಗೆ ಹೊದಿಸಿದ. ಅದು ಒದ್ದೆಯಾಗಿತ್ತು, ಮೊಟ್ಟೆಯ ವಾಸನೆ ಬರುತ್ತಿತ್ತು.

ಆಮೇಲೆ ಅದೇ ಬಸ್ಸಿನ ಹಾಡನ್ನು ಮತ್ತೆ ಹಾಡಿದ. ಈ ಸಲ ಬಕೆಟುಗಳನ್ನು ಗೋಡೆಗೆ ತಳ್ಳಿದರು. ಶೋಬ್ಯಾಂಡಿನ ಕಾಲದಲ್ಲಿ ಕುಣಿದ ಕಾಲುಗಳು ಅವು, ಕೈ ಹಿಡಿದು ಗಿರಕಿ ಹೊಡೆಯುವುದನ್ನು ಮರೆತಿರಲಿಲ್ಲ. ದುಪಟ್ಟಾ ಹೊದ್ದ ರೈತರು ಸೋರುವ ಛಾವಣಿಯ ಕೆಳಗೆ ಒದ್ದೆ ನೆಲದ ಮೇಲೆ ಕುಣಿಯುತ್ತಾ, "ಬರ್ಲಿಲ್ಲ, ಬರ್ಲಿಲ್ಲ" ಎಂದು ಕೂಗುವುದನ್ನು ನಾನು ಈ ಕಣ್ಣಿಂದ ನೋಡಿದ್ದೇನೆ. ಮೂರು ಸಲ ಹಾಡಿಸಿದರು. ಮುಗಿದ ಮೇಲೆ ಬ್ರೀಡಾ ಹಸಿರು ದುಪಟ್ಟಾ ಸರಿಮಾಡಿಕೊಳ್ಳುತ್ತಾ ಫಿರೋಜನ ಬಳಿ ಬಂದು, ಛಾವಣಿ ಇನ್ನೂ ಎರಡು ವರ್ಷ ಸೋರುವುದು ಖಂಡಿತ, ಹಾಗಾಗಿ ಮುಂದಿನ ತಿಂಗಳು ಇನ್ನೊಂದು ಸಲ ಬರಬೇಕು ಅಂದರು. ನಗಲಿಲ್ಲ. ಫಿರೋಜ್ ಅವರ ತಲೆಯ ಮೇಲಿಂದ ನನ್ನನ್ನು ನೋಡಿದ. ನಾನು ಅಡುಗೆಮನೆಗೆ ಹೋಗಿ ಸಲೀಂ ಭಾಯ್‌ಗೆ ಫೋನ್ ಮಾಡಿದೆ. "ಅವನು ಬರಲ್ಲ ಭಾಯ್," ಅಂದೆ. ಹೊರಗೆ ಗದ್ದಲ ಎಷ್ಟಿತ್ತೆಂದರೆ, ಬರಲ್ಲ ಎಂದು ನಾನು ಮೂರು ಸಲ ಕಿರುಚಬೇಕಾಯಿತು.

ಆಡಮ್ಸ್‌ಟೌನಿಗೆ ಮನೆ ಬದಲಿಸುವಾಗ ಅವನ ಕೋಟು ಒಗೆಯಲೆಂದು ಜೇಬು ಖಾಲಿ ಮಾಡಿದೆ. ಪಬ್ಬಿನ ಚೀಟಿ, ರಾಜ್ಯೋತ್ಸವದ ಚೀಟಿ ಎರಡೂ ಅಲ್ಲೇ ಇದ್ದವು. ಪಬ್ಬಿನದರಲ್ಲಿ ನಾಯಿಯ ಕೆಳಗೆ, ರಾಜ್ಯೋತ್ಸವದ್ದರಲ್ಲಿ ಅಡುಗೆಯವರ ಕೆಳಗೆ, ಕಟ್ಟಕಡೆಯ ಸಾಲಿನಲ್ಲಿ ನನ್ನ ಹೆಸರಿತ್ತು. ಗಾಳಿಗೆ ಹಾರಿದ ಮೂರನೆಯದರಲ್ಲಿಯೂ ಇದ್ದಿರಬೇಕು. ಅಲ್ಲಿಗೆ ತಲುಪಲು ಅವನನ್ನು ಯಾರೂ ಬಿಟ್ಟಿರಲಿಲ್ಲ, ಕೊನೆಗೆ ನಾನೂ ಬಿಟ್ಟಿರಲಿಲ್ಲ.

ಈಗ ಅವನು ಊರೂರಿನ ಹಾಲ್‌ಗಳಲ್ಲಿ ಹಾಡುತ್ತಾನೆ. ಪ್ಯಾಟ್ ಕುರ್ಚಿಗೆ ದಿಂಬು ಕಟ್ಟಿಕೊಂಡು ಬಾರಿಸುತ್ತಾರೆ. ಆಡಮ್ಸ್‌ಟೌನಿನ ಹುಡುಗರು ಇಬ್ಬರು ಮೂವರು ಅವನನ್ನು ನೋಡಿ ತಾವೂ ಗಿಟಾರ್ ಹಿಡಿದು ಕನ್ನಡದಲ್ಲಿ ಹಾಡತೊಡಗಿದ್ದಾರೆ, ಹಾಗಾಗಿ ತನ್ನನ್ನು ಮೂಲಪುರುಷ ಎಂದು ಕರೆದುಕೊಳ್ಳುತ್ತಾನೆ. ಸ್ವಾಗತ ಭಾಷಣ ಬೆಳೆದು ಬೆಳೆದು ಈಗ ನಲವತ್ತು ನಿಮಿಷ ಮುಟ್ಟಿದೆ. ಆಯ್ರಾ ನಡುವೆ ಎದ್ದು ಹೊರಗೆ ಆಡಿಕೊಂಡು ಬರುತ್ತಾಳೆ. ನಾನು ಏಳುವುದಿಲ್ಲ. ಹೆಗಲ ಮೇಲೆ ಆ ಟವೆಲ್ ಹಾಕಿಕೊಂಡು, ಕೊನೆಯ ಹೆಸರು ಬರುವ ತನಕ ಕೂತಿರುತ್ತೇನೆ.